ಹೆಬ್ಬೆಟ್ಟು ಒತ್ತುವ ಮುಂಚೆ ಪತ್ರ ಓದೋಣ



ನಮ್ಮ ಮನೆಗಳಲ್ಲಿ ಒಂದು ಹಳೇ ಟ್ರಂಕು ಇರುತ್ತೆ. ಅದರ ತಳದಲ್ಲಿ, ಸೀರೆಗಳ ಕೆಳಗೆ, ಬಟ್ಟೆಯಲ್ಲಿ ಸುತ್ತಿಟ್ಟ ಕಾಗದ ಇರುತ್ತೆ. ಅದು ಜಮೀನಿನ ಪತ್ರ. ಇಷ್ಟು ದಿನ ಅದನ್ನು ಇಲಿ ತಿನ್ನದ ಹಾಗೆ ಕಾಯ್ದೆವು. ಅದರಲ್ಲಿ ಏನು ಬರೆದಿದೆ ಅಂತ ಓದಿರಲಿಲ್ಲ. ಈಗ ನಮಗೆ ಅಕ್ಷರ ಬಂದಿದೆ. ಇವತ್ತು ಆ ಪತ್ರದ ವಿಷಯ ಮಾತಾಡೋಣ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕೂ ತಾಲ್ಲೂಕು ಬೆಂಗಳೂರಿನ ಮಗ್ಗುಲಲ್ಲೇ ಇವೆ. ರಾಗಿ, ಹುರುಳಿ, ಹಿಪ್ಪುನೇರಳೆ ಬೆಳೆಯುವ ಹೊಲಕ್ಕೆ ಈಗ ಸೈಟಿನ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಬೆಲೆ ಬಂದ ಕಡೆ ಜಗಳವೂ ಬರುತ್ತೆ. ಆಗ ಬಾಯಿಮಾತು ನಿಲ್ಲುವುದಿಲ್ಲ. ಕಾಗದ ನಿಲ್ಲುತ್ತೆ.

ಎಂಥ ಕಾಗದ? ಪಂಚಾಯ್ತಿ ಕಟ್ಟೆಯಲ್ಲಿ ನಾಲ್ಕು ಜನ ಸೇರಿ ಛಾಪಾ ಕಾಗದದ ಮೇಲೆ ಬರೆದುಕೊಂಡರೆ ಸಾಲದು. 1908ರ ನೋಂದಣಿ ಕಾನೂನು ಇದೆ. ನೂರು ರೂಪಾಯಿ ಬೆಲೆಯ ಭೂಮಿ ಕೊಂಡರೂ ಪತ್ರವನ್ನು ರಿಜಿಸ್ಟರ್ ಮಾಡಿಸಬೇಕು ಅಂತ ಅದು ಹೇಳುತ್ತೆ. ನೂರು ರೂಪಾಯಿಗೆ ಈಗ ಎಲ್ಲಿ ಭೂಮಿ ಸಿಗುತ್ತೆ? ಅಂದರೆ ಎಲ್ಲಾ ಕ್ರಯಪತ್ರವೂ ರಿಜಿಸ್ಟರ್ ಆಗಲೇಬೇಕು. ಪತ್ರಕ್ಕೆ ಸಹಿ ಆದ ನಾಲ್ಕು ತಿಂಗಳೊಳಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕೊಡಬೇಕು. ನಮ್ಮ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಈ ಆಫೀಸು ಇದೆ.

ಹಳೇ ಪತ್ರದಲ್ಲಿ ಜಿಲ್ಲೆಯ ಹೆಸರು ಬೇರೆ ಇದ್ದರೆ ಗಾಬರಿ ಬೇಡ. 1986ಕ್ಕೆ ಮುಂಚಿನ ಪತ್ರವಾದರೆ ಬೆಂಗಳೂರು ಜಿಲ್ಲೆ ಅಂತ ಇರುತ್ತೆ. ಆಮೇಲೆ ಬೆಂಗಳೂರು ಗ್ರಾಮಾಂತರ ಜಿಲ್ಲೆ ಆಯ್ತು. 2007ರಲ್ಲಿ ರಾಮನಗರ ಜಿಲ್ಲೆ ಆಯ್ತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಹೆಸರಿಟ್ಟರು. ಹೆಸರು ನಾಲ್ಕು, ನೆಲ ಅದೇ.

ಈಗ ಒಂದು ಲೆಕ್ಕ ನೋಡೋಣ. ಮಾಗಡಿ ಕಡೆಯ ಒಬ್ಬ ಅಕ್ಕ ಡೈರಿಗೆ ಹಾಲು ಹಾಕಿ ದುಡ್ಡು ಕೂಡಿಟ್ಟಳು, 10 ಗುಂಟೆ ಕೊಂಡಳು ಅಂತ ಇಟ್ಟುಕೊಳ್ಳೋಣ. ಪತ್ರ ರಿಜಿಸ್ಟರ್ ಆಯ್ತು. ಅವಳು ಅದನ್ನು ಟ್ರಂಕಿಗೆ ಹಾಕಿ ಬೀಗ ಹಾಕಿದಳು. ಖಾತೆ ಕಡೆ ನೋಡಲಿಲ್ಲ. ಪಹಣಿಯಲ್ಲಿ ಮಾರಿದವನ ಹೆಸರೇ ಉಳಿಯಿತು. ಕೆಲವು ವರ್ಷಕ್ಕೆ ಅವನು ತೀರಿಕೊಂಡ. ಅವನ ಮಕ್ಕಳು ಪೌತಿ ಖಾತೆಗೆ ಅರ್ಜಿ ಕೊಟ್ಟು ತಮ್ಮ ಹೆಸರು ಏರಿಸಿಕೊಂಡರು. ಈಗ ಆ ಅಕ್ಕ ತಾಲ್ಲೂಕು ಕಚೇರಿಗೆ ಅಲೆಯಬೇಕು. ಕೋರ್ಟಿಗೂ ಹೋಗಬೇಕಾಗಬಹುದು. ಭೂಮಿ ಅವಳದೇ. ಆದರೂ ಅಲೆಯುವವಳು ಅವಳೇ.

ಸಬ್ ರಿಜಿಸ್ಟ್ರಾರ್ ಆಫೀಸಿನ ಪುಸ್ತಕ ಬೇರೆ, ಖಾತೆಯ ಪುಸ್ತಕ ಬೇರೆ. ಒಂದರಲ್ಲಿ ಪತ್ರ ದಾಖಲಾಗುತ್ತೆ. ಇನ್ನೊಂದರಲ್ಲಿ ಕಂದಾಯ ಯಾರು ಕಟ್ಟಬೇಕು ಅಂತ ಇರುತ್ತೆ. ಹೊಲವಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಕಂದಾಯ ಇಲಾಖೆಗೆ ತಿಳಿಸುತ್ತಾರೆ. ಅಲ್ಲಿ ಮ್ಯುಟೇಶನ್ ಆಗಿ ಪಹಣಿಗೆ ಹೆಸರು ಬರಬೇಕು. ಬಂತೋ ಇಲ್ಲವೋ ನಾವೇ ನೋಡಬೇಕು. ನಾಡಕಚೇರಿಯಲ್ಲಿ ಪಹಣಿ ಕೊಡುತ್ತಾರೆ. 9ನೇ ಕಾಲಂನಲ್ಲಿ ಹೆಸರು ಓದಿ. 11ನೇ ಕಾಲಂನಲ್ಲಿ ಸಾಲಸೋಲ ಇದೆಯೇ ನೋಡಿ. ಹಳ್ಳಿಯ ಮನೆ, ಸೈಟು ಆದರೆ ಖಾತೆ ಗ್ರಾಮ ಪಂಚಾಯಿತಿಯಲ್ಲಿ. ಪಟ್ಟಣವಾದರೆ ನಗರಸಭೆ ಅಥವಾ ಪುರಸಭೆಯಲ್ಲಿ. ಈಗ ಇವು ಕಂಪ್ಯೂಟರಿನಲ್ಲಿ ಇ-ಖಾತೆ ಆಗಿವೆ.

ಪತ್ರದಲ್ಲಿ ಏನು ಓದಬೇಕು? ಮೊದಲು ನಮ್ಮ ಹೆಸರು. ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಇದೆಯಾ? ಸರ್ವೆ ನಂಬರು ಸರಿ ಇದೆಯಾ? ಎಷ್ಟು ಗುಂಟೆ? 40 ಗುಂಟೆಗೆ ಒಂದು ಎಕರೆ. ಆಮೇಲೆ ಚಕ್ಕುಬಂದಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಹಳ್ಳವೋ ದಾರಿಯೋ, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು. ಕಳೆ ಕಿತ್ತು ಆ ಹೊಲದಲ್ಲಿ ಬೆನ್ನು ಬಗ್ಗಿಸಿದವರು ನಾವು. ಚಕ್ಕುಬಂದಿ ತಪ್ಪಿದ್ದರೆ ಪತ್ರ ಬರೆಯುವವರಿಗಿಂತ ಮೊದಲು ನಮಗೇ ಗೊತ್ತಾಗುತ್ತೆ.

ಇನ್ನೊಂದು ಪತ್ರ ಇದೆ. ಅದರ ಹೆಸರು ಹಕ್ಕು ಬಿಡುಗಡೆ ಪತ್ರ. ಈ ಹೆಸರನ್ನು ಎರಡು ಸಲ ಓದಿ. ತೌರಿನಿಂದ ಅಣ್ಣ ಬರುತ್ತಾನೆ. "ಒಂದು ಸಹಿ ಇದೆ, ಬಾರವ್ವ" ಅನ್ನುತ್ತಾನೆ. ಕಾರಿನಲ್ಲಿ ಕರೆದುಕೊಂಡು ಹೋಗುತ್ತಾನೆ, ಹೋಟೆಲಿನಲ್ಲಿ ಊಟ ಕೊಡಿಸುತ್ತಾನೆ, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೊಡುತ್ತಾನೆ. ಸಾಯಂಕಾಲದ ಹೊತ್ತಿಗೆ ಅಪ್ಪನ ಆಸ್ತಿಯಲ್ಲಿ ನಮಗಿದ್ದ ಪಾಲು ಹೋಗಿರುತ್ತೆ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲೇ ಕಾನೂನು ಬಂತು. ಆಗ ಅದು ಮದುವೆ ಆಗದವರಿಗೆ ಮಾತ್ರ ಇತ್ತು. 2005ರಲ್ಲಿ ದೇಶಕ್ಕೆಲ್ಲ ಬಂದ ತಿದ್ದುಪಡಿ ಮದುವೆ ಆದವರಿಗೂ ಕೊಟ್ಟಿತು. ಅದು ಬಂದಾಗ ಅಪ್ಪ ಬದುಕಿರಲೇಬೇಕು ಅಂತ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮುಸ್ಲಿಂ ಅಕ್ಕತಂಗಿಯರ ಪಾಲಿನ ಲೆಕ್ಕ ಬೇರೆ. ಆದರೆ ಪಾಲು ಅವರಿಗೂ ಉಂಟು.

ಅಣ್ಣನಿಗೆ ಬಿಟ್ಟುಕೊಡಬಾರದು ಅಂತ ನಾವು ಹೇಳುತ್ತಿಲ್ಲ. ತೌರು ಬೇಕು, ಅಣ್ಣನೂ ಬೇಕು. ಕೊಡುವುದಾದರೆ ಗೊತ್ತಿದ್ದು ಕೊಡೋಣ.

ಸಬ್ ರಿಜಿಸ್ಟ್ರಾರ್ ಮುಂದೆ ಕೂರಿಸಿ ಫೋಟೋ ತೆಗೆಯುತ್ತಾರೆ. ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಸಹಿ ಬರುವವರೂ ಒತ್ತಬೇಕು, ಓದಿದ ಸಾಹೇಬರೂ ಒತ್ತಬೇಕು. ಅದಕ್ಕೆ ನಾಚಿಕೆ ಬೇಡ. ಈ ಪತ್ರ ನೀವೇ ಬರೆದುಕೊಟ್ಟಿದ್ದಾ ಅಂತ ಅಧಿಕಾರಿ ಕೇಳಬೇಕು. ಈ ಪ್ರಶ್ನೆ ಸುಮ್ಮನೆ ಶಾಸ್ತ್ರಕ್ಕೆ ಅಲ್ಲ. ಬರೆದುಕೊಟ್ಟವರು "ಇಲ್ಲ" ಅಂದರೆ ಅವರ ಮಟ್ಟಿಗೆ ಆ ಪತ್ರವನ್ನು ಅವರು ರಿಜಿಸ್ಟರ್ ಮಾಡುವ ಹಾಗಿಲ್ಲ. "ತಾಳಿ ಸ್ವಾಮಿ, ಓದಿ ಹೇಳ್ತೀನಿ" ಅನ್ನಬಹುದು. ಹಿಂದೆ ಜನ ಕಾಯುತ್ತಿರಲಿ. ನಿಧಾನವಾಗಿ, ಬೆರಳಿಟ್ಟು ಓದಿ.

ಮುಂದಿನ ವಾರ ಬರುವಾಗ ಟ್ರಂಕಿನಲ್ಲಿರುವ ಪತ್ರದ ಜೆರಾಕ್ಸು ಮತ್ತು ಈ ವರ್ಷದ ಪಹಣಿ ತನ್ನಿ. ಸೈಟಿನವರು ಖಾತೆಯ ಪ್ರತಿ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ಎರಡರಲ್ಲೂ ಒಂದೇ ಹೆಸರು ಇದೆಯಾ ಅಂತ ಓದೋಣ.