ಬ್ಲೀಚಿಂಗ್ ಪೌಡರ್ ಮೇಲೆ ಆಸಿಡ್ ಸುರಿಯಬೇಡಿ
(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ಉಳಿತಾಯ, ಸಾಲ, ಮರುಪಾವತಿ ಯಾವುದರ ಬಗ್ಗೆಯೂ ಮಾತಾಡೋದಿಲ್ಲ. ನಿಮ್ಮ ಬಚ್ಚಲುಮನೆಯ ಮೂಲೆಯಲ್ಲಿ ನಿಂತಿರುವ ಬಾಟಲಿಗಳ ಬಗ್ಗೆ ಮಾತಾಡ್ತೀವಿ. ಅದಕ್ಕೆ ಕಾರಣ ಇದೆ.

ನಮ್ಮದೇ ಒಂದು ಸಂಘದವರು ಶಾಲೆಯೊಂದರ ಶೌಚಾಲಯ ತೊಳೆಯುವ ಕೆಲಸ ವಹಿಸಿಕೊಂಡಿದ್ದರು. ವಾರ್ಷಿಕೋತ್ಸವಕ್ಕೆ ಎರಡೇ ದಿನ ಇತ್ತು. ಹಳೆಯ ಹಳದಿ ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಒಂದರ ಜೊತೆ ಇನ್ನೊಂದು ಸೇರಿದರೆ ಬೇಗ ಬೆಳ್ಳಗಾಗುತ್ತೆ ಅಂತ ಒಬ್ಬ ಸದಸ್ಯೆ ಬ್ಲೀಚಿಂಗ್ ಪೌಡರ್ ಚೆಲ್ಲಿ, ಅದರ ಮೇಲೆಯೇ ಆಸಿಡ್ ಸುರಿದು, ಕೂತು ತಿಕ್ಕಲು ಶುರು ಮಾಡಿದರು. ಬಾಗಿಲು ಅರ್ಧ ಮುಚ್ಚಿತ್ತು. ಎರಡು ನಿಮಿಷದಲ್ಲಿ ಕಣ್ಣು ಉರಿ, ಎದೆ ಹಿಡಿದ ಹಾಗೆ ಕೆಮ್ಮು. ಜೊತೆಯಲ್ಲಿದ್ದವರು ತೋಳು ಹಿಡಿದು ಹೊರಗೆ ಎಳೆದರು, ಬದುಕಿದರು. ಐದು ದಿನ ಆಸ್ಪತ್ರೆ, ಹದಿನೈದು ದಿನ ಕೂಲಿ ಇಲ್ಲ. ಆಮೇಲೆ ಅವರು ನಮ್ಮನ್ನು ಕೇಳಿದ ಪ್ರಶ್ನೆ ಇಷ್ಟೇ: "ಸಿಸ್ಟರ್, ಫಿನಾಯಿಲ್ ಮಾಡೋದು, ಸೋಪು ಮಾಡೋದು ಎಲ್ಲ ಹೇಳಿಕೊಟ್ರಿ. ಇದನ್ನ ಯಾಕೆ ಹೇಳಲಿಲ್ಲ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮೂರು ದಿನದ ತರಬೇತಿಯಲ್ಲಿ ಲಾಭದ ಲೆಕ್ಕಕ್ಕೆ ಅರ್ಧ ದಿನ ಕೊಟ್ಟಿದ್ದೆವು, ಇದಕ್ಕೆ ಐದು ನಿಮಿಷವೂ ಕೊಟ್ಟಿರಲಿಲ್ಲ.

ಆ ದಿನ ಆಗಿದ್ದೇನು? ಬ್ಲೀಚಿಂಗ್ ಪೌಡರ್ ಒಳಗೆ ಕ್ಲೋರಿನ್ ಕಟ್ಟಿಹಾಕಿದ ಹಾಗೆ ಇರುತ್ತೆ. ಆಸಿಡ್ ತಾಗಿದ ಕೂಡಲೇ ಆ ಕಟ್ಟು ಬಿಚ್ಚಿ ಕ್ಲೋರಿನ್ ಅನಿಲವಾಗಿ ಏಳುತ್ತೆ. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಬೆಲ್ಜಿಯಂನ ಈಪ್ರ ಎಂಬ ಊರಿನ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಹಾಗಾಗಿ ಮೇಲಿನ ಕಿಟಕಿಯಿಂದ ಬೇಗ ಹೋಗೋದಿಲ್ಲ, ನೆಲದ ಹತ್ತಿರವೇ ನಿಲ್ಲುತ್ತೆ. ಬಾಗಿಲಲ್ಲಿ ನಿಂತು "ಇನ್ನೂ ಚೆನ್ನಾಗಿ ತಿಕ್ಕು" ಅನ್ನುವವರ ಮೂಗಿಗಿಂತ, ಕೂತು ತಿಕ್ಕುವ ಹೆಂಗಸಿನ ಮೂಗಿಗೆ ಮೊದಲು ಹೋಗುತ್ತೆ. ಪಕ್ಕದಲ್ಲಿ ಆಡುವ ಮಗುವಿಗೂ ಅಷ್ಟೇ. ಸೆರಗು ಮುಚ್ಚಿಕೊಂಡರೆ ಇದು ತಡೆಯೋದಿಲ್ಲ.

ಆಸಿಡ್ ಅಂದರೆ ಸೈಕಲ್‌ನಲ್ಲಿ ಬರೋ ಬಾಟಲಿ ಮಾತ್ರ ಅಂದುಕೊಳ್ಳಬೇಡಿ. ಅಂಗಡಿಯ ಗಟ್ಟಿ ನೀಲಿ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಬಹುಪಾಲು ಆಸಿಡ್ಡೇ ಇರುವುದು. ವಿನೆಗರ್, ನಿಂಬೆರಸವೂ ಹುಳಿಯೇ. ಬ್ಲೀಚಿಂಗ್ ಜೊತೆ ಅವೂ ಬೇಡ. 2020ರಲ್ಲಿ ಕೊರೊನಾ ಬಂದಾಗ ಊರೆಲ್ಲ ಸಿಂಪಡಿಸಿದ ಹೈಪೋಕ್ಲೋರೈಟ್ ದ್ರಾವಣವೂ ಬ್ಲೀಚಿಂಗ್‌ನ ತಂಗಿಯೇ, ಅದಕ್ಕೂ ಇದೇ ಮಾತು. ಇನ್ನು ಅಮೋನಿಯ ಇರುವ ಗಾಜು ಒರೆಸುವ ದ್ರಾವಣ ಬ್ಲೀಚಿಂಗ್ ಜೊತೆ ಸೇರಿದರೆ ಕ್ಲೋರಮೀನ್ ಎಂಬ ಬೇರೆ ಅನಿಲ ಬರುತ್ತೆ, ಅದೂ ಶ್ವಾಸಕೋಶ ಸುಡುತ್ತೆ. ಹಳೆಯ ಮೂತ್ರದಲ್ಲೂ ಅಮೋನಿಯ ಇರುತ್ತೆ. ಆದ್ದರಿಂದ ಮೂತ್ರಾಲಯಕ್ಕೆ ಮೊದಲು ಧಾರಾಳ ನೀರು ಹಾಕಿ ತೊಳೆದು, ಆಮೇಲೆ ಬ್ಲೀಚಿಂಗ್ ಹಾಕಿ. ಆಸಿಡ್ ಬೇಕೇ ಬೇಕು ಅಂದರೆ ಒಂದು ದಿನ ಅದು, ಚೆನ್ನಾಗಿ ನೀರು ಹೊಯ್ದು, ಇನ್ನೊಂದು ದಿನ ಇದು. ಬಕೆಟ್, ಬ್ರಷ್ ಎರಡಕ್ಕೂ ಬೇರೆ ಬೇರೆ ಇರಲಿ.

ಅಡುಗೆ ಸೋಡಾಕ್ಕೆ ನಿಂಬೆಹಣ್ಣು ಹಿಂಡಿದರೆ ನೊರೆ ಬರುತ್ತಲ್ಲ, ಅದರಿಂದ ಅಪಾಯ ಇಲ್ಲ. ಆದರೆ ಎರಡೂ ಒಂದರ ಶಕ್ತಿ ಒಂದು ಕಳೆದುಕೊಳ್ಳುತ್ತವೆ. ನೊರೆ ನೋಡಿ ಕೊಳೆ ಹೋಯ್ತು ಅಂತ ಖುಷಿಪಡೋದು ನಾವೇ. ಮುಚ್ಚಳ ಬಿಗಿದ ಬಾಟಲಿಯಲ್ಲಿ ಮಾತ್ರ ಬೆರೆಸಬೇಡಿ, ಸಿಡಿಯುತ್ತೆ.

ಸೋಪು ಮಾಡುವ ಸಂಘದವರು ಸ್ವಲ್ಪ ಕಿವಿಗೊಡಿ. ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪ ಹಾಕಬೇಕು. ಸೋಡಾದ ಮೇಲೆ ನೀರು ಸುರಿಯಬಾರದು. ಒಮ್ಮೆಲೇ ಕಾದು ಮುಖಕ್ಕೆ ಎರಚುತ್ತೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಸೋಡಾ ಪಾತ್ರೆಯನ್ನೇ ತಿನ್ನುತ್ತೆ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲವೂ ಹೊರಡುತ್ತೆ. ಸ್ಟೀಲ್ ಪಾತ್ರೆ ಇಟ್ಟುಕೊಳ್ಳಿ, ಒಲೆಯಿಂದ ದೂರ ಕೂತುಕೊಳ್ಳಿ, ಮಕ್ಕಳನ್ನು ಅಂಗನವಾಡಿಗೆ ಕಳಿಸಿದ ಮೇಲೇ ಶುರು ಮಾಡಿ.

ಅನಾಹುತ ಆದರೆ ಬಕೆಟ್ ಬಿಟ್ಟು ಹೊರಗೆ ಓಡಿ. ಚೆಲ್ಲಿಬಿಡೋಣ ಅಂತ ಮತ್ತೆ ಒಳಗೆ ಹೋಗಬೇಡಿ. ಕಣ್ಣಿಗೆ, ಮೈಗೆ ಬಿದ್ದಿದ್ದರೆ ಕಾಲು ಗಂಟೆಗೂ ಹೆಚ್ಚು ಹೊತ್ತು ಬರೀ ನೀರು ಹಾಕುತ್ತಲೇ ಇರಿ. ಅರಿಶಿನ, ಎಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಮಗು ಆಸಿಡ್ಡೋ ಸೀಮೆಎಣ್ಣೆಯೋ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಆಸಿಡ್ ಬರುವಾಗ ಗಂಟಲನ್ನು ಮತ್ತೊಮ್ಮೆ ಸುಡುತ್ತೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತೆ. 108ಕ್ಕೆ ಫೋನ್ ಮಾಡಿ, ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಅನಿಲ ಕುಡಿದವರು ಹೊರಗೆ ಬಂದು ಚೇತರಿಸಿಕೊಂಡ ಹಾಗೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವು ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುವುದುಂಟು.

ಕೊನೆಗೆ, ನಮ್ಮ ನಮ್ಮಲ್ಲೇ ಇತ್ಯರ್ಥ ಆಗಬೇಕಾದ ಒಂದು ವಿಷಯ. ನಮ್ಮ ಸಂಘಗಳು ಫಿನಾಯಿಲ್, ಟಾಯ್ಲೆಟ್ ಕ್ಲೀನರ್ ಅನ್ನು ಹಳೆಯ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ತುಂಬಿ, ಚೀಟಿ ಇಲ್ಲದೆ ಸಂತೆಯಲ್ಲಿ ಮಾರುತ್ತಿವೆ. ಖರ್ಚು ಉಳಿಯುತ್ತೆ ಅಂತ ನಾವೂ ಸುಮ್ಮನಿದ್ದೆವು, ಅದು ತಪ್ಪು. ಬೇಸಿಗೆಯಲ್ಲಿ ಬಾಯಾರಿ ಬಂದ ಮಗುವಿಗೆ ಅದು ಫಿನಾಯಿಲ್ ಅಂತ ಹೇಗೆ ಗೊತ್ತಾಗಬೇಕು? ಬೆಲೆ ಸ್ವಲ್ಪ ಏರಿಸಿ, ಬೇರೆ ಬಾಟಲಿ ತರಿಸೋಣ. ಪ್ರತಿ ಬಾಟಲಿಗೂ ಕೆಂಪು ಚೀಟಿ ಅಂಟಿಸೋಣ. ಓದು ಬಾರದವರಿಗೆ ತಿಳಿಯುವ ಹಾಗೆ ಚಿತ್ರ ಯಾವುದು ಇರಬೇಕು ಅಂತ ನೀವೇ ಹೇಳಿ. ಮುಂದಿನ ಸಭೆಗೆ ಪ್ರತಿ ಸಂಘದವರೂ ತಾವು ಮಾರುವ ಒಂದೊಂದು ಬಾಟಲಿ ತನ್ನಿ, ಮುಚ್ಚಳ ಬಿಗಿಯಾಗಿರಲಿ. ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡೋಣ.