ಮರ್ಮಗೋವಾ ಬಂದರು: ಟನ್ನಿನ ಲೆಕ್ಕ, ಧೂಳಿನ ಲೆಕ್ಕ



ಯಾವ ಸರಕು ಹೊರಹೋಗುತ್ತದೆ, ಯಾವುದು ಒಳಬರುತ್ತದೆ ಎಂಬಲ್ಲಿಗೆ ಬಂದರಿನ ಪಾಠ ಸಾಮಾನ್ಯವಾಗಿ ಮುಗಿಯುತ್ತದೆ. ಆ ಸರಕು ದಾರಿಯಲ್ಲಿ ಏನನ್ನು ಬಿಟ್ಟುಹೋಗುತ್ತದೆ ಎಂಬುದೂ ಪಾಠಕ್ಕೆ ಸೇರಬೇಕಾದ ವಿಷಯ. ಗೋವೆಯ ಮರ್ಮಗೋವಾ ಇದಕ್ಕೆ ತಕ್ಕ ನಿದರ್ಶನ.

ಜುವಾರಿ ನದಿಯ ಮುಖದಲ್ಲಿರುವ ಈ ಸ್ವಾಭಾವಿಕ ಬಂದರು 1960ರ ದಶಕದಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ದಶಕಗಳ ಕಾಲ ಕಬ್ಬಿಣದ ಅದಿರಿನ ರಫ್ತೇ ಅದರ ಜೀವಾಳವಾಗಿತ್ತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋವೆಯ ಗಣಿಗಾರಿಕೆಯನ್ನು ತಡೆದಾಗ ರಫ್ತು ಕುಸಿಯಿತು. ಆಮದು ಕಲ್ಲಿದ್ದಲಿನ ಮೇಲಿನ ಅವಲಂಬನೆ ಹೆಚ್ಚಿತು. ಈ ಕಲ್ಲಿದ್ದಲು ರೈಲಿನಲ್ಲಿ ಘಟ್ಟವನ್ನೇರಿ, ಕ್ಯಾಸಲ್‌ರಾಕ್ ಮಾರ್ಗವಾಗಿ ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಯನ್ನು ಸೇರುತ್ತದೆ.

ಉಕ್ಕು ಅಲ್ಲಿ ಸಿದ್ಧವಾಗುತ್ತದೆ; ಕರಿಧೂಳು ವಾಸ್ಕೋ ಪಟ್ಟಣದ ಕಿಟಕಿಗಳ ಮೇಲೆ ಕೂರುತ್ತದೆ. ಬಂದರಿಗೆ ಹೊಂದಿಕೊಂಡೇ ಬೆಳೆದ ಈ ಪಟ್ಟಣದಲ್ಲಿ, ಉತ್ತರ ಕರ್ನಾಟಕದಿಂದ ದುಡಿಮೆಗೆಂದು ಬಂದು ನೆಲೆಸಿದ ಕನ್ನಡ ಕುಟುಂಬಗಳೂ ಇವೆ. ಅನ್ನ ಕೊಡುವುದೂ ಬಂದರೇ, ಉಸಿರಿಗೆ ಧೂಳು ಬೆರೆಸುವುದೂ ಬಂದರೇ. ಪ್ರಶ್ನೆಯ ಕಾಠಿಣ್ಯವಿರುವುದು ಇಲ್ಲಿಯೇ.

ನೀರಿನೊಳಗೂ ಇಂಥದೇ ಇಕ್ಕಟ್ಟು. ದೊಡ್ಡ ಹಡಗುಗಳು ಬರಬೇಕಾದರೆ ಹೂಳನ್ನು ಮತ್ತೆ ಮತ್ತೆ ಎತ್ತಬೇಕು. ಆಗ ಕದಡುವ ಕೆಸರು ಮೀನು, ಚಿಪ್ಪುಗಳ ನೆಲೆಗೆ ಕುತ್ತಾಗಬಹುದು. ಗೋವೆಯ ಹಳೆಯ ಮನೆಗಳ ಕಿಟಕಿಗೆ ಗಾಜಿನ ಬದಲು ಜೋಡಿಸುತ್ತಿದ್ದ ತೆಳುಚಿಪ್ಪಿನ ಜೀವಿಯು ಸಮೀಪದ ಚಿಕಲಿಂ ಕೊಲ್ಲಿಯಲ್ಲಿ ಬಾಳುತ್ತದೆ.

ಪರಿಹಾರಗಳು ಅಪರಿಚಿತವಲ್ಲ: ಮುಚ್ಚಿದ ದಾಸ್ತಾನು ಕಟ್ಟಡ, ರಾಶಿಗಳ ಮೇಲೆ ನೀರಿನ ಸಿಂಪಡಣೆ, ವ್ಯಾಗನ್‌ಗಳಿಗೆ ಹೊದಿಕೆ, ನಿಂತ ಹಡಗಿಗೆ ದಡದಿಂದಲೇ ವಿದ್ಯುತ್ತು. ಕೇಂದ್ರ ಸರಕಾರವು 2023ರಲ್ಲಿ ಪ್ರಕಟಿಸಿದ 'ಹರಿತ್ ಸಾಗರ್' ಮಾರ್ಗಸೂಚಿಯು, ಪ್ರತಿ ಟನ್ ಸರಕಿಗೆ ಹೊರಬೀಳುವ ಇಂಗಾಲವನ್ನು 2030ರೊಳಗೆ ಶೇಕಡಾ 30ರಷ್ಟು ತಗ್ಗಿಸುವ ಗುರಿಯನ್ನು ಇಟ್ಟಿದೆ. ಗುರಿ ಶ್ಲಾಘನೀಯ. ಆದರೆ 'ಪ್ರತಿ ಟನ್' ಎಂಬ ಮಾತನ್ನು ಗಮನಿಸಬೇಕು.

ಇದನ್ನು ಮಕ್ಕಳೇ ಕರಿಹಲಗೆಯ ಮೇಲೆ ಬಿಡಿಸಬಲ್ಲರು. ಒಂದು ಕಲ್ಪಿತ ಬಂದರಿನಲ್ಲಿ 100 ಟನ್ ಸರಕು, ಟನ್ನಿಗೆ 10 ಪಾಲು ಹೊಗೆ, ಒಟ್ಟು 1000. ಹೊಗೆ ಟನ್ನಿಗೆ 7 ಪಾಲಿಗೆ ಇಳಿಯಿತು, ಸರಕು 150 ಟನ್ನಿಗೆ ಏರಿತು, ಒಟ್ಟು 1050. ಗುರಿ ಸಾಧಿತವಾಯಿತು, ಹೊಗೆ ಹೆಚ್ಚಿತು.

ಈ ಲೆಕ್ಕದ ಮರುದಿನ ಮಕ್ಕಳು ತಮ್ಮ ಮನೆಯ ಕಿಟಕಿಯ ಅಂಚನ್ನು ಬಿಳಿಯ ಬಟ್ಟೆಯಿಂದ ಒರೆಸಿ ತರಗತಿಗೆ ತರಲಿ. ಬಂದರು, ಹೆದ್ದಾರಿ, ಗಿರಣಿ, ಕಲ್ಲುಕ್ವಾರಿ, ಯಾವುದರ ನೆರೆಯ ಶಾಲೆಗೂ ಈ ಪಾಠ ಒಪ್ಪುತ್ತದೆ. ಲಾಭ ಯಾರಿಗೆ, ಧೂಳು ಯಾರಿಗೆ ಎಂಬ ಪ್ರಶ್ನೆಯನ್ನು ಆಮೇಲೆ ಮಕ್ಕಳೇ ಕೇಳುತ್ತಾರೆ.