ಗಣಿ ಮುಚ್ಚಿತು, ಲೆಕ್ಕ ಮುಗಿಯಲಿಲ್ಲ

(ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ವಿಜ್ಞಾನಕ್ಕೆ ಸಂಬಂಧಿಸಿದ ಯಾವುದಾದರೂ ವಿಷಯದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದಾರೆ. ನಾನು ಇಂದು ಮುಚ್ಚಿಹೋದ ಒಂದು ಗಣಿಯ ಬಗ್ಗೆ ಹೇಳಬೇಕೆಂದಿದ್ದೇನೆ. ಅದು ಇರುವುದು ದೂರದ ಸ್ವೀಡನ್ ದೇಶದಲ್ಲಿ, ಸ್ಟಾಕ್‌ಹೋಮ್ ನಗರದಿಂದ ರಸ್ತೆಯಲ್ಲಿ ಸುಮಾರು 220 ಕಿ.ಮೀ. ದೂರದ ಫಾಲುನ್ ಎಂಬ ಊರಿನಲ್ಲಿ. ತಾಮ್ರ, ಸತು, ಸೀಸ ಈ ಮೂರು ಲೋಹಗಳನ್ನೂ ಕೊಟ್ಟ ಗಣಿ ಅದು. ಸುಮಾರು ಸಾವಿರ ವರ್ಷ ಅಗೆದ ಮೇಲೆ 1992ರ ಡಿಸೆಂಬರ್ 8ರಂದು ಅಲ್ಲಿ ಕೆಲಸ ನಿಂತಿತು. ಮುಚ್ಚಿದ ಗಣಿಯಿಂದ ನಮಗೇನು ಕಲಿಯುವುದಿದೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ, ಉತ್ತರವನ್ನು ನೀವೇ ಹುಡುಕಿಕೊಳ್ಳುವಿರಿ.

ಈ ಗಣಿಯ ಬಗ್ಗೆ ಉಳಿದಿರುವ ಅತ್ಯಂತ ಹಳೆಯ ದಾಖಲೆ 1288ನೆಯ ಇಸವಿಯದು. ಒಬ್ಬ ಬಿಷಪ್ ಗಣಿಯ ಎಂಟನೆಯ ಒಂದು ಪಾಲನ್ನು ಮರಳಿ ಪಡೆದುಕೊಂಡ ಪತ್ರ ಅದು. ಅಂದರೆ ಏಳುನೂರು ವರ್ಷಗಳ ಹಿಂದೆಯೇ ಅಲ್ಲಿ ಗಣಿಯನ್ನು ಪಾಲುಗಳಾಗಿ ಹಂಚಿ, ಕೊಟ್ಟು ಕೊಳ್ಳುವ ವ್ಯವಹಾರವಿತ್ತು. 17ನೇ ಶತಮಾನದ ನಡುಭಾಗದಲ್ಲಿ ಈ ಗಣಿ ವರ್ಷಕ್ಕೆ ಸುಮಾರು 3,000 ಟನ್ ತಾಮ್ರ ಕೊಡುತ್ತಿತ್ತು. ಆಗ ಯುರೋಪಿನ ಪೇಟೆಗೆ ಬರುತ್ತಿದ್ದ ತಾಮ್ರದಲ್ಲಿ ಮೂರರಲ್ಲಿ ಎರಡು ಪಾಲು ಇಲ್ಲಿಂದಲೇ ಎಂದು ಅಂದಾಜಿದೆ. ಸ್ವೀಡನ್ ತನ್ನ ಯುದ್ಧಗಳನ್ನು ಮಾಡಿದ್ದು ಬಹುಮಟ್ಟಿಗೆ ಈ ತಾಮ್ರದ ಹಣದಿಂದ. ದೇಶದಲ್ಲಿ ತಾಮ್ರ ಎಷ್ಟಿತ್ತೆಂದರೆ, 1644ರಲ್ಲಿ ತಾಮ್ರದ ಹಲಗೆಗಳನ್ನೇ ಹಣವಾಗಿ ಚಲಾವಣೆಗೆ ತಂದರು. ಅವುಗಳಲ್ಲಿ ದೊಡ್ಡದರ ತೂಕ 19 ಕಿಲೋಗೂ ಹೆಚ್ಚು! ಹೊತ್ತು ತಿರುಗುವುದು ಅಸಾಧ್ಯವಾದಾಗ, 1661ರಲ್ಲಿ ಸ್ಟಾಕ್‌ಹೋಮಿನ ಬ್ಯಾಂಕೊಂದು ಕಾಗದದ ನೋಟುಗಳನ್ನು ಹೊರಡಿಸಿತು. ಯುರೋಪಿನ ಮೊದಲ ನೋಟುಗಳು ಅವೇ.

ಇಷ್ಟೊಂದು ಐಶ್ವರ್ಯ ಬಂದಾಗ ಮನುಷ್ಯ ಏನು ಮಾಡುತ್ತಾನೆ? ಇನ್ನಷ್ಟು ಬೇಕೆಂದು ಅಗೆಯುತ್ತಾನೆ. ಫಾಲುನ್‌ನಲ್ಲಿಯೂ ಹಾಗೆಯೇ ಆಯಿತು. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಸೀಳಿಸಿ, ಒಳಗೆ ದೊಡ್ಡ ದೊಡ್ಡ ಪೊಳ್ಳುಗಳನ್ನು ಮಾಡುತ್ತಾ ಹೋದರು. ಮೇಲಿನ ಭಾರವನ್ನು ಹೊರಲು ಕಲ್ಲಿನ ಕಂಬಗಳನ್ನು ಎಷ್ಟು ಬಿಡಬೇಕೋ ಅಷ್ಟು ಬಿಡಲಿಲ್ಲ. 1687ರ ಜೂನ್ 25ರಂದು ಗಣಿಯ ದೊಡ್ಡ ಹೊಂಡಗಳ ನಡುವಿನ ಗೋಡೆಗಳು, ಅಡಿಯ ಪೊಳ್ಳುಗಳ ಸಮೇತ ಕುಸಿದುಬಿದ್ದವು. ಸುಮಾರು 95 ಮೀಟರ್ ಆಳದ ಒಂದೇ ಮಹಾಕೂಪವಾಯಿತು. ಅಂದು ಮಧ್ಯ ಬೇಸಿಗೆಯ ಹಬ್ಬದ ರಜೆ ಇದ್ದುದರಿಂದ ಒಳಗೆ ಯಾರೂ ಇರಲಿಲ್ಲ. ಬೇರೆ ದಿನವಾಗಿದ್ದರೆ ನೂರಾರು ಮನೆಗಳಲ್ಲಿ ಗೋಳು ಕೇಳಿಸುತ್ತಿತ್ತು. ಆ ಹೊಂಡ ಇಂದಿಗೂ ಹಾಗೆಯೇ ಬಾಯ್ದೆರೆದು ನಿಂತಿದೆ.

ಎಲ್ಲರಿಗೂ ಅಂಥ ಅದೃಷ್ಟ ಇರಲಿಲ್ಲ. 1677ರಲ್ಲಿ ಮಾಟ್ಸ್ ಇಸ್ರೇಲ್ಸನ್ ಎಂಬ ಯುವಕ ಗಣಿಯೊಳಗೆ ಹೋದವನು ಹಿಂತಿರುಗಲಿಲ್ಲ. ನಲವತ್ತೆರಡು ವರ್ಷಗಳ ನಂತರ, 1719ರಲ್ಲಿ, ನೀರು ತುಂಬಿದ್ದ ಒಂದು ಹಳೆಯ ಸುರಂಗದಲ್ಲಿ ಕೆಲಸಗಾರರಿಗೆ ಒಂದು ಶವ ಸಿಕ್ಕಿತು. ಅದು ಕೊಳೆತಿರಲಿಲ್ಲ. ನಿನ್ನೆ ಮೊನ್ನೆ ಸತ್ತವನಂತಿದ್ದ ಆ ಯುವಕ ಯಾರೆಂದು ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಒಬ್ಬ ವಯಸ್ಸಾದ ಹೆಂಗಸು ಮುಂದೆ ಬಂದು ಗುರುತಿಸಿದಳು. ಅವಳ ಹೆಸರು ಮಾರ್ಗರೇಟಾ. ಅವನೊಡನೆ ಅವಳ ಮದುವೆ ನಿಶ್ಚಯವಾಗಿತ್ತು. ಇವಳ ತಲೆ ನರೆತಿತ್ತು, ಅವನ ಮುಖ ಹಾಗೆಯೇ ಇತ್ತು. ಲೋಹದ ಬೆಲೆಯನ್ನು ಪೇಟೆಯಲ್ಲಿ ಹೇಳುವವರು ಈ ಬೆಲೆಯನ್ನು ಸೇರಿಸುವುದಿಲ್ಲ.

ವಿದ್ಯಾರ್ಥಿಗಳೇ, ಆ ದೇಹ ಏಕೆ ಕೊಳೆಯಲಿಲ್ಲ? ಇದರ ಉತ್ತರ ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿಯೇ ಇದೆ. ಫಾಲುನ್ ಗಣಿಯ ಕಲ್ಲಿನಲ್ಲಿ ತಾಮ್ರ, ಸತು, ಸೀಸ ಮೂರೂ ಗಂಧಕದೊಂದಿಗೆ ಕೂಡಿಕೊಂಡಿವೆ. ಜೊತೆಗೆ ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್ ಎಂಬ ಖನಿಜವೂ ಹೇರಳವಾಗಿದೆ. ಸುಮಾರು 190 ಕೋಟಿ ವರ್ಷಗಳಿಂದ ಅವು ಭೂಮಿಯೊಳಗೆ ಗಾಳಿ ತಾಗದೆ ಸುಮ್ಮನಿದ್ದವು. ಮನುಷ್ಯ ಅಗೆದು ಗಾಳಿಯನ್ನೂ ನೀರನ್ನೂ ಒಳಗೆ ಬಿಟ್ಟಾಗ ಗಂಧಕ ನಿಧಾನವಾಗಿ ಗಂಧಕಾಮ್ಲವಾಗುತ್ತದೆ. ಆ ಆಮ್ಲ ಲೋಹಗಳನ್ನು ಕರಗಿಸುತ್ತದೆ. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವವರಿಗೆ ಮೈಲುತುತ್ತ ಗೊತ್ತು. ಮಾಟ್ಸ್ ಬಿದ್ದಿದ್ದು ಮೈಲುತುತ್ತದಂಥ ಲವಣಗಳು ತುಂಬಿದ ನೀರಿನಲ್ಲಿ. ಶವವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಆ ನೀರಿನಲ್ಲಿ ಬದುಕಲಿಲ್ಲ.

ಈ ಒಂದು ಕ್ರಿಯೆಯನ್ನು ನೆನಪಿಡಿ. ಗಾಳಿ, ನೀರು, ಗಂಧಕದ ಕಲ್ಲು. ಫಾಲುನ್ ಊರಿನ ಒಳಿತು ಕೆಡುಕುಗಳೆಲ್ಲ ಇದರಿಂದಲೇ ಹುಟ್ಟಿದವು.

ಮೊದಲು ಕೆಡುಕನ್ನು ನೋಡೋಣ. ಅದಿರಿನಿಂದ ಗಂಧಕವನ್ನು ತೆಗೆಯಲು ಅದನ್ನು ಬಯಲಿನಲ್ಲಿ ರಾಶಿ ಹಾಕಿ ಸುಡುತ್ತಿದ್ದರು. ಆ ಹೊಗೆ ಶತಮಾನಗಳ ಕಾಲ ಊರಿನ ಮೇಲೆ ಕವಿದಿತ್ತು. ಸಸ್ಯವಿಜ್ಞಾನಿ ಲಿನೇಯಸ್ 1734ರಲ್ಲಿ ಅಲ್ಲಿಗೆ ಬಂದಾಗ ಸುತ್ತಮುತ್ತ ಹಸಿರೇ ಇಲ್ಲದ ನೆಲವನ್ನು ಕಂಡು ಬೆರಗಾದ. ಕುಲುಮೆಯ ಕಿಟ್ಟವನ್ನು ಸುರಿದು ಸುರಿದು ಊರಿನ ನೆಲವೇ ಅದರಿಂದ ತುಂಬಿತು. ಆ ನೆಲದಿಂದ ಸತುವೂ ತಾಮ್ರವೂ ಕರಗಿ ಹೊಳೆಗೆ, ಹೊಳೆಯಿಂದ ರುನ್ ಎಂಬ ಸರೋವರಕ್ಕೆ ಹರಿದವು. ಸುಡುವ ರಾಶಿಯನ್ನು ಆರಿಸಬಹುದು. ಮಳೆಗೆ ನೆನೆಯುವ ಕಲ್ಲಿನ ರಾಶಿಯನ್ನು ಆರಿಸುವುದು ಹೇಗೆ? ಗಣಿ ನಿಂತ ಮೇಲೂ ಅದರ ನೀರನ್ನು ಶುದ್ಧೀಕರಿಸುವ, ಹಳೆಯ ರಾಶಿಗಳನ್ನು ಮುಚ್ಚುವ ಕೆಲಸ ಮುಂದುವರಿಯಬೇಕಾಯಿತು. ಲಾಭ ಪಡೆದವರು ಮಣ್ಣಾಗಿ ಎಷ್ಟೋ ಕಾಲವಾಯಿತು, ಸಾಲ ಮೊಮ್ಮಕ್ಕಳ ಹೆಗಲಿಗೆ ಬಂತು.

ಇನ್ನು ಒಳಿತಿನ ಮಾತು. ಹಳೆಯ ಕಸದ ಕಲ್ಲುಗಳು ಗಾಳಿ ಮಳೆಗೆ ಸಿಕ್ಕಿ ಕೆಂಪು ಮಣ್ಣಾಗುತ್ತಿದ್ದವು. ಆ ಮಣ್ಣನ್ನು ತೊಳೆದು, ಸುಟ್ಟು, ಹಿಟ್ಟಿನ ಗಂಜಿಯಲ್ಲಿ ಕುದಿಸಿ ಮರದ ಗೋಡೆಗೆ ಬಳಿದರೆ ಮರ ಬೇಗ ಕೊಳೆಯುವುದಿಲ್ಲ ಎಂದು ಊರವರು ಕಂಡುಕೊಂಡರು. ಸ್ವೀಡನ್ನಿನ ಚಿತ್ರಗಳಲ್ಲಿ ನೀವು ನೋಡುವ ಕೆಂಪು ಮರದ ಮನೆಗಳ ಬಣ್ಣ ಇದೇ. ಗಣಿ ನಿಂತರೂ ಅದರ ಕಸದಿಂದ ಈ ಬಣ್ಣ ತಯಾರಾಗುತ್ತಲೇ ಇದೆ.

ಎರಡನೆಯದು ವಿದ್ಯೆ. ಆಳವಾದ ಗಣಿಯಿಂದ ಕಲ್ಲನ್ನೂ ನೀರನ್ನೂ ಮೇಲೆತ್ತಲು ಯಂತ್ರಗಳು ಬೇಕಾದವು. ಕ್ರಿಸ್ಟೋಫರ್ ಪೋಲ್ಹೆಮ್ ಎಂಬಾತ 1690ರ ದಶಕದಲ್ಲಿ ಇಲ್ಲಿ ನೀರಿನ ಚಕ್ರದಿಂದ ಓಡುವ ಯಂತ್ರವನ್ನು ಕಟ್ಟಿದ. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಯಂತ್ರಗಳಲ್ಲಿ ಬರುವ ಒಂದೊಂದು ಚಲನೆಯನ್ನೂ ಒಂದೊಂದು ಅಕ್ಷರವೆಂದು ಭಾವಿಸಿ, ಮರದ ಚಿಕ್ಕ ಮಾದರಿಗಳ ಒಂದು ಅಕ್ಷರಮಾಲೆಯನ್ನೇ ರೂಪಿಸಿದ. ಅ ಆ ಇ ಈ ಕಲಿತವನು ಪದ ಕಟ್ಟುವಂತೆ ಇವುಗಳನ್ನು ಕಲಿತವನು ಯಂತ್ರ ಕಟ್ಟಲಿ ಎಂಬುದು ಅವನ ಆಶಯ. ಮುಂದೆ ಫಾಲುನ್‌ನಲ್ಲಿಯೇ ನೆಲೆಸಿದ ಗಾನ್ ಎಂಬ ವಿಜ್ಞಾನಿ 1774ರಲ್ಲಿ ಮ್ಯಾಂಗನೀಸ್ ಲೋಹವನ್ನು ಬೇರ್ಪಡಿಸಿದ.

ಇನ್ನೊಂದು ಘಟನೆ ಕೇಳಿ. ಗಂಧಕಾಮ್ಲ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಫಾಲುನ್ ಪೈರೈಟನ್ನು ಬಳಸಿದಾಗಲೆಲ್ಲ ಪಾತ್ರೆಯ ತಳದಲ್ಲಿ ಕೆಂಪು ಗಸಿ ನಿಲ್ಲುತ್ತಿತ್ತು. ಅದರಲ್ಲಿ ಪಾಷಾಣ ಇರಬಹುದೆಂದು ಹೆದರಿ ಆ ಕಲ್ಲನ್ನು ಬಳಸುವುದನ್ನೇ ಬಿಟ್ಟಿದ್ದರು. 1817ರಲ್ಲಿ ಇದೇ ಗಾನ್ ಮತ್ತು ರಸಾಯನವಿಜ್ಞಾನಿ ಬರ್ಜೀಲಿಯಸ್ ಆ ಗಸಿಯನ್ನು ಪರೀಕ್ಷಿಸಲು ಕುಳಿತರು. ಮೊದಲು ಅದು ಈಗಾಗಲೇ ತಿಳಿದಿದ್ದ ಟೆಲ್ಲೂರಿಯಂ ಎಂದುಕೊಂಡರು. ಬರ್ಜೀಲಿಯಸ್ ಮತ್ತೆ ಮತ್ತೆ ಪರೀಕ್ಷಿಸಿದಾಗ ಅದು ಹೊಸ ಮೂಲವಸ್ತು ಎಂದು ತಿಳಿಯಿತು. ಅದೇ ಸೆಲೆನಿಯಂ. ನೀವು ಅಂಕಪಟ್ಟಿಯ ಜೆರಾಕ್ಸ್ ಮಾಡಿಸುತ್ತೀರಲ್ಲ, ಆ ಯಂತ್ರಗಳು ಮೊದಲು ಬಂದಾಗ ಒಳಗೆ ಬೆಳಕನ್ನು ಗ್ರಹಿಸುತ್ತಿದ್ದುದು ಸೆಲೆನಿಯಂ ಲೇಪಿಸಿದ ಉರುಳೆ. ಉಳಿದವರು ಚೆಲ್ಲಲು ಹೊರಟ ಗಸಿಯನ್ನು ಇಬ್ಬರು ಕುತೂಹಲದಿಂದ ನೋಡಿದರು. ವಿದ್ಯೆ ಎಂದರೆ ಇದೇ ಅಲ್ಲವೇ?

ಅದಿರು ಮುಗಿಯಿತು. ಬಣ್ಣ ಉಳಿಯಿತು, ಯಂತ್ರಗಳ ಅಕ್ಷರಮಾಲೆ ಉಳಿಯಿತು, ಸೆಲೆನಿಯಂ ಆವರ್ತ ಕೋಷ್ಟಕದಲ್ಲಿ 34ನೆಯ ಮನೆಯಲ್ಲಿ ಕುಳಿತಿತು. ನೆಲದೊಳಗಿನ ಸಂಪತ್ತು ಎಂದಾದರೂ ಒಂದು ದಿನ ಮುಗಿಯುವಂಥದ್ದೇ. ಮುಗಿಯುವ ಮೊದಲು ಅದನ್ನು ತಲೆಯೊಳಗಿನ ಸಂಪತ್ತಾಗಿ ಮಾಡಿಕೊಂಡ ಊರು ಉಳಿಯುತ್ತದೆ.

ಈಗ ನಮ್ಮ ಕಡೆಗೆ ಬರುತ್ತೇನೆ. 2001ರ ಡಿಸೆಂಬರಿನಲ್ಲಿ ಫಾಲುನ್ ಗಣಿಯನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಶಾಲಾಮಕ್ಕಳು ತಲೆಗೆ ಟೊಪ್ಪಿಗೆ ಹಾಕಿಕೊಂಡು ಅದರ ಸುರಂಗಗಳಲ್ಲಿ ಇಳಿದು ನೋಡಿ ಬರುತ್ತಾರೆ. ಅದೇ 2001ರ ಫೆಬ್ರವರಿ 28ರಂದು ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ ಅದು. ಅಲ್ಲಿ ಉಳಿದ ಅದಿರಿನ ಪುಡಿಯನ್ನು ಊರಿನವರು ಸೈನೈಡ್ ದಿಬ್ಬ ಎಂದೇ ಕರೆಯುತ್ತಾರೆ. ಗಾಳಿ ಬೀಸಿದಾಗ ಅದರ ಧೂಳು ಮನೆಗಳ ಮೇಲೆ ಬೀಳುತ್ತದೆ. ಆ ದಿಬ್ಬದ ಲೆಕ್ಕವನ್ನು ತೀರಿಸುವವರು ಯಾರು? ಹೊರಗಿನಿಂದ ಯಾರೋ ಬಂದು ತೀರಿಸುತ್ತಾರೆಂದು ಕಾಯುವುದೋ, ಅಥವಾ ಅದನ್ನು ತೀರಿಸಬಲ್ಲವರನ್ನು ನಮ್ಮ ಮನೆಗಳಲ್ಲಿಯೇ ಬೆಳೆಸುವುದೋ?

ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳು ಓದಬೇಕೆಂದರೆ ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ದಾರಿ ಎಂದುಕೊಳ್ಳಬೇಡಿ. ಭೂವಿಜ್ಞಾನವಿದೆ, ಮಣ್ಣು ನೀರುಗಳ ರಸಾಯನಶಾಸ್ತ್ರವಿದೆ, ಕೆಟ್ಟ ನೆಲವನ್ನು ಮತ್ತೆ ಸರಿಪಡಿಸುವ ವಿದ್ಯೆಯಿದೆ. ನಿಮ್ಮ ಮಗಳು ಬಾವಿಯ ನೀರು ಏಕೆ ಕೆಂಪಾಗಿದೆ ಎಂದು ಕೇಳಿದರೆ ಸುಮ್ಮನಿರು ಎನ್ನಬೇಡಿ. ಒಂದು ಬಾಟಲಿಯಲ್ಲಿ ಆ ನೀರನ್ನು ತುಂಬಿಸಿ ಅವಳ ಶಾಲೆಯ ಪ್ರಯೋಗಾಲಯಕ್ಕೆ ಕಳುಹಿಸಿ.

ವಿದ್ಯಾರ್ಥಿಗಳೇ, ಇನ್ನು ಮುಂದೆ ಎಲ್ಲಿಯಾದರೂ ನೆಲ ಅಗೆಯುವುದನ್ನು ಕಂಡರೆ ಎರಡು ಪ್ರಶ್ನೆ ಕೇಳಿ. ಇಲ್ಲಿಂದ ತೆಗೆದದ್ದು ಏನಾಗುತ್ತದೆ? ಇಲ್ಲಿ ಬಿಟ್ಟುಹೋದದ್ದು ಏನಾಗುತ್ತದೆ? ಮೊದಲ ಪ್ರಶ್ನೆಗೆ ಉತ್ತರ ಹೇಳಲು ವ್ಯಾಪಾರಿಗಳಿದ್ದಾರೆ. ಎರಡನೆಯದಕ್ಕೆ ಉತ್ತರ ಹೇಳುವವರು ಕಡಿಮೆ. ಆ ಕಡಿಮೆಯನ್ನು ನೀವು ತುಂಬಬೇಕು.